ರೊಕ್ಕದ ಕಥೆ: ಡಾಲರ್ ನಮ್ಮ ಬಾಗಿಲಲ್ಲಿ ಯಾಕೆ ನಿಲ್ಲುತ್ತೆ?

ಭಾಗ 1/9
ತೊಂಬತ್ತು ಡಾಲರ್

ಫೋಟೋದಲ್ಲಿ ಕಾಣ್ತಿರೋದು ನಮ್ಮ ದೊಡ್ಡಪ್ಪನ ಮಗಳು, ಅಂದ್ರೆ ನಮ್ಮಕ್ಕ, ಮಾಡಿರೋ ಕಸೂತಿ ದುಪಟ್ಟಾ. ಝೂಮ್ ಮಾಡಿ ನೋಡಿ. ಗವಂತಿ ಹೊಲಿಗೆ ಇದು. ಬಟ್ಟೆ ತಿರುಗಿಸಿದ್ರೂ ಹಿಂದೆ ಮುಂದೆ ಒಂದೇ ಥರ ಕಾಣುತ್ತೆ, ಗಂಟು ಎಲ್ಲೂ ಇಲ್ಲ. ಮನೆಕೆಲಸ ಮುಗಿಸಿ, ರಾತ್ರಿ ಕೂತು ಹಾಕಿದ್ದು.

ಇದರ ಫೋಟೋ ನೋಡಿ ನ್ಯೂಜೆರ್ಸಿಯಲ್ಲಿರೋ ಒಬ್ಬ ಕನ್ನಡತಿ ಮೆಸೇಜ್ ಮಾಡಿದ್ರು. ‘ನನಗೊಂದು ಬೇಕು, ಎಷ್ಟು?’ ಪಾರ್ಸೆಲ್ ಖರ್ಚು ಸೇರಿ 90 ಡಾಲರ್‌ಗೆ ಮಾತಾಯ್ತು. ಅಕ್ಕ ಖುಷಿಯಲ್ಲಿ ತನ್ನ ಕ್ಯೂಆರ್ ಕೋಡ್ ಕಳಿಸಿದ್ಲು. ಅದು ಅಲ್ಲಿ ಕೆಲಸ ಮಾಡಲಿಲ್ಲ. ಅವರು ತಮ್ಮ ಕಡೆಯ ಆ್ಯಪ್ ಹೆಸರು ಹೇಳಿದ್ರು. ಅದು ಇಲ್ಲಿ ಇಲ್ಲವೇ ಇಲ್ಲ. ಆಮೇಲೆ ಕಾರ್ಡ್ ಪಾವತಿ ತಗೊಳ್ಳೋಕೆ ಒಂದು ಕಂಪನಿಗೆ ಅರ್ಜಿ ಹಾಕಿದ್ವಿ. ಎರಡು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂತು: ಸದ್ಯಕ್ಕೆ ನಿಮ್ಮ ದೇಶದಲ್ಲಿ ಹೊಸ ಖಾತೆ ಕೊಡ್ತಿಲ್ಲ.

ಆಗ ಆ ಗಿರಾಕಿನೇ ಒಂದು ಉಪಾಯ ಹೇಳಿದ್ರು. ‘ನನ್ನ ತಮ್ಮ ಬೆಳಗಾವಿಯಲ್ಲಿದ್ದಾನೆ. ಅವನು ನಿಮಗೆ ಯುಪಿಐ ಮಾಡ್ತಾನೆ. ಅವನದ್ದು ನಾನು ಆಮೇಲೆ ನೋಡ್ಕೋತೀನಿ.’

ಅಕ್ಕ ನನಗೆ ಫೋನ್ ಮಾಡಿದ್ಲು. ‘ನೀ ಬಿ.ಕಾಂ. ಓದಾಕತ್ತೀ ಅಲಾ, ಹೇಳ್ ನೋಡೋಣು. ಹೂಂ ಅನ್ಲೋ ಬ್ಯಾಡೋ?’

ನಾನು ಎರಡು ದಿನ ತಡಿ ಅಂದೆ. ಯಾಕೆ ಅಂದೆ ಅಂತ ನನಗೇ ಪೂರ್ತಿ ಗೊತ್ತಿರಲಿಲ್ಲ. ಕ್ಲಾಸಲ್ಲಿ ಎಲ್ಲೋ ಕೇಳಿದ್ದ ಒಂದು ಕಾನೂನಿನ ಹೆಸರು ತಲೇಲಿ ಕೂತಿತ್ತು, ಅಷ್ಟೇ. ಆ ಎರಡು ದಿನದಲ್ಲಿ ಹುಡುಕ್ತಾ ಹೋದ್ರೆ ಕಥೆ ಮಂಗಳೂರಿಗೆ ಹೋಯ್ತು. ಅದೂ 12ನೇ ಶತಮಾನದ ಮಂಗಳೂರಿಗೆ.

ಸೇವ್ ಮಾಡ್ಕೊಳ್ಳಿ. ಒಂಬತ್ತು ಭಾಗ ಇದೆ. ನಿಮ್ಮಲ್ಲಿ ಡಿಸೈನ್ ಮಾಡೋರು, ಕೋಡ್ ಬರೆಯೋರು, ಎಡಿಟಿಂಗ್ ಮಾಡೋರು ತುಂಬ ಜನ ಇದ್ದೀರಿ. ಇವತ್ತಲ್ಲ ನಾಳೆ ಈ ಪ್ರಶ್ನೆ ನಿಮ್ಮ ಬಾಗಿಲಿಗೂ ಬರುತ್ತೆ.

—

ಭಾಗ 2/9
ಮಂಗಳೂರಿನ ಸಾಹುಕಾರ, ಏಡನ್‌ನ ಗಿರಾಕಿ

1132ರ ಸುಮಾರಿಗೆ ಮಂಗಳೂರಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಇದ್ದ. ಊರು ಉತ್ತರ ಆಫ್ರಿಕಾದ ಟುನೀಷಿಯಾ ಕಡೆ. ಏಡನ್ ಬಂದರಿಂದ ಹಡಗು ಹತ್ತಿ ಇಲ್ಲಿಗೆ ಬಂದವನು ಸುಮಾರು 17 ವರ್ಷ ನಮ್ಮ ಕರಾವಳಿಯಲ್ಲೇ ಉಳಿದ. ಕಾಳುಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಕಳಿಸ್ತಿದ್ದ. ಒಂದು ಕಂಚಿನ ಕಾರ್ಖಾನೆನೂ ಇಟ್ಟಿದ್ದ. ಏಡನ್‌ನವರು ಒಡೆದ ಪಾತ್ರೆ ಕಳಿಸಿದ್ರೆ, ಕರಗಿಸಿ ಹೊಸದು ಮಾಡಿ ವಾಪಸ್ ಕಳಿಸೋದು.

ಇದೆಲ್ಲ ನಮಗೆ ಗೊತ್ತಾಗಿದ್ದು ಕೈರೋದ ಹಳೇ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಉಳಿದಿದ್ದ ಕಾಗದಗಳಿಂದ. ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಪುಸ್ತಕ ಇದೇ ಕಾಗದಗಳ ಬೆನ್ನು ಹತ್ತಿ ಬರೆದದ್ದು. ಬೆನ್ ಯಿಜು ಹತ್ರ ಕೆಲಸಕ್ಕಿದ್ದ ಬೊಮ್ಮ ಅನ್ನೋನು ಅವನ ಪರವಾಗಿ ಏಡನ್‌ಗೆ ವ್ಯಾಪಾರಕ್ಕೆ ಹೋಗಿ ಬರ್ತಿದ್ದ.

ಈಗ ನಮ್ಮ ಪ್ರಶ್ನೆ. ಏಡನ್‌ನಲ್ಲಿರೋ ಗಿರಾಕಿ ಮಂಗಳೂರಿನವನಿಗೆ ರೊಕ್ಕ ಹೇಗೆ ಕೊಡ್ತಿದ್ದ?

ಪ್ರತಿ ಸಲ ಚಿನ್ನದ ನಾಣ್ಯ ಹಡಗಲ್ಲಿ ಕಳಿಸ್ತಿರಲಿಲ್ಲ. ಇಬ್ಬರೂ ಲೆಕ್ಕ ಇಡ್ತಿದ್ರು. ಇಲ್ಲಿಂದ ಮೆಣಸು ಹೋದ್ರೆ ಅಲ್ಲಿ ಇವನ ಹೆಸರಿಗೆ ಜಮಾ. ಅಲ್ಲಿಂದ ರೇಷ್ಮೆ, ಸಕ್ಕರೆ, ಕಾಗದ, ಒಣದ್ರಾಕ್ಷಿ ಬಂದ್ರೆ ಖರ್ಚು. ಬಾಕಿ ಉಳಿದಿದ್ದು ಮುಂದಿನ ಮಾರುತಕ್ಕೆ. ನಾವು ಮೊದಲ ಸೆಮಿಸ್ಟರ್‌ನಲ್ಲಿ ಬಾಯಿಪಾಠ ಮಾಡಿದ ಲೆಡ್ಜರ್, ಅಷ್ಟೇ.

ತಕರಾರೂ ಇತ್ತು. ಒಬ್ಬ ಸ್ಥಳೀಯ ದಲ್ಲಾಳಿ ಏಲಕ್ಕಿಗೆ ಅಂತ ಮುಂಗಡ ಹಣ ತಗೊಂಡು ಮಾಲು ಕೊಡಲೇ ಇಲ್ಲ. ವರ್ಷಗಟ್ಟಲೆ ಏಡನ್‌ನವರ ಕಾಗದಗಳಲ್ಲಿ ಇದೇ ಗೋಳು. ಕೊನೆಗೆ ಅವರು ಕೊಟ್ಟ ಸಲಹೆ ಏನು ಗೊತ್ತಾ? ‘ಕೊಡದಿದ್ರೆ ನಿನ್ನ ಹೆಸರು ಏಡನ್‌ನಲ್ಲಿ ಕೆಡಿಸ್ತೀವಿ ಅಂತ ಹೆದರಿಸು’ ಅನ್ನೋ ಅರ್ಥದ ಮಾತು.

ಆಗ ಇದ್ದ ಭದ್ರತೆ ಅಂದ್ರೆ ಹೆಸರು ಒಂದೇ. ಒಬ್ಬರಿಗೊಬ್ಬರು ಗೊತ್ತಿರೋದೇ ಇಡೀ ವ್ಯವಸ್ಥೆ. ಗೊತ್ತಿಲ್ಲದವನಿಗೆ ಬಾಗಿಲು ಇಲ್ಲ. ಈ ಮಾತು ನೆನಪಿಟ್ಕೊಳ್ಳಿ, 7ನೇ ಭಾಗದಲ್ಲಿ ಮತ್ತೆ ಬರುತ್ತೆ.

—

ಭಾಗ 3/9
ಯುದ್ಧ ಬಂತು, ಬೇಲಿ ಬಂತು

ಹುಂಡಿ ಅಂದ ತಕ್ಷಣ ನಿಮಗೆ ದೇವಸ್ಥಾನದ ಹುಂಡಿ ನೆನಪಾಗುತ್ತೆ. ವ್ಯಾಪಾರಿಗಳ ಹುಂಡಿ ಬೇರೆ. ಅದು ಒಂದು ಚೀಟಿ. ಈ ಊರಲ್ಲಿ ಒಬ್ಬ ಸಾಹುಕಾರನ ಹತ್ರ ದುಡ್ಡು ಕಟ್ಟಿ ಚೀಟಿ ತಗೊಂಡ್ರೆ, ಇನ್ನೊಂದು ಊರಲ್ಲಿ ಅವನ ಪರಿಚಯದ ಸಾಹುಕಾರ ಆ ಚೀಟಿ ನೋಡಿ ದುಡ್ಡು ಎಣಿಸಿ ಕೊಡ್ತಾನೆ. ರೊಕ್ಕ ದಾರಿಯಲ್ಲಿ ಓಡಾಡೋದೇ ಇಲ್ಲ. ಇಬ್ಬರು ಸಾಹುಕಾರರು ಆಮೇಲೆ ತಮ್ಮತಮ್ಮಲ್ಲಿ ಲೆಕ್ಕ ಚುಕ್ತಾ ಮಾಡ್ಕೋತಾರೆ.

ಈಗ ಒಂದ್ಸಲ ಭಾಗ 1 ನೆನಪಿಸ್ಕೊಳ್ಳಿ. ನ್ಯೂಜೆರ್ಸಿ ಅಕ್ಕನ ಸಾಲ ಬೆಳಗಾವಿ ತಮ್ಮ ತೀರಿಸ್ತಾನೆ, ಅವರಿಬ್ಬರು ಆಮೇಲೆ ನೋಡ್ಕೋತಾರೆ. ಇದೂ ಅದೇ ಉಪಾಯ ಅಲ್ವಾ? ಗೊತ್ತಿಲ್ಲದೇ ಅವರು ನೂರಾರು ವರ್ಷದ ಹಳೇ ದಾರಿನೇ ತೋರಿಸಿದ್ರು.

ಹಾಗಿದ್ರೆ ಆ ದಾರಿ ತಪ್ಪಾಗಿದ್ದು ಯಾವಾಗ?

1939ರ ಸೆಪ್ಟೆಂಬರ್. ಎರಡನೇ ಮಹಾಯುದ್ಧ ಶುರು. ಬ್ರಿಟನ್‌ಗೆ ಅಮೆರಿಕದಿಂದ ಸಾಮಾನು ಕೊಳ್ಳೋಕೆ ಡಾಲರ್ ಬೇಕು. ಅದೇ ತಿಂಗಳು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ವಿದೇಶಿ ವಿನಿಮಯದ ಮೇಲೆ ಹಿಡಿತ ಬಂತು. ಅದನ್ನ ನಡೆಸೋ ಕೆಲಸ ರಿಸರ್ವ್ ಬ್ಯಾಂಕಿಗೆ ಬಿತ್ತು. ಆ ಬ್ಯಾಂಕಿಗೆ ಆಗಿನ್ನೂ ನಾಲ್ಕು ವರ್ಷ. ಅಲ್ಲಿಂದ ಮುಂದೆ ಹೊರದೇಶದ ಹಣ ಅಂದ್ರೆ ಗಳಿಸಿದವನ ಸ್ವಂತ ವಿಷಯ ಆಗಿ ಉಳಿಯಲಿಲ್ಲ. ಅಧಿಕಾರ ಪಡೆದ ಬ್ಯಾಂಕ್ ಮೂಲಕವೇ ಬರಬೇಕು, ಅಲ್ಲೇ ರೂಪಾಯಿ ಆಗಬೇಕು. ನಮ್ಮ ಮಾಲು ಗಳಿಸಿದ ಡಾಲರ್ ಲಂಡನ್‌ನ ಒಟ್ಟು ಖಜಾನೆಗೆ ಸೇರ್ತಿತ್ತು.

ಯುದ್ಧ 1945ರಲ್ಲಿ ಮುಗೀತು. ಬೇಲಿ ತೆಗೀಲಿಲ್ಲ. 1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮುಂಚೆ, ಅದು ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಆಗಿ ಜಾರಿಗೆ ಬಂತು. ಬ್ರಿಟಿಷರು ಹೋದ್ರು, ಅವರು ಯುದ್ಧಕ್ಕೆ ಅಂತ ಹಾಕಿದ ಬೇಲಿ ನಮ್ಮದಾಯ್ತು.

ಹೊಸ ಸರ್ಕಾರಕ್ಕೂ ಅದು ಬೇಕಿತ್ತು ಅನ್ನೋದನ್ನೂ ಹೇಳಬೇಕು. ಯಂತ್ರ, ಧಾನ್ಯ, ಎಣ್ಣೆ ಎಲ್ಲಾ ಹೊರಗಿಂದ ತರಬೇಕಿದ್ದ ದೇಶಕ್ಕೆ ಒಂದೊಂದು ಡಾಲರೂ ಲೆಕ್ಕ.

—

ಭಾಗ 4/9
47 ಟನ್ ಚಿನ್ನ

ನಮ್ಮ ಮನೆಗಳಲ್ಲಿ ಬಂಗಾರ ಅಡವಿಡೋದು ಯಾವಾಗ? ಬೇರೆ ಎಲ್ಲ ದಾರಿ ಮುಚ್ಚಿದಾಗ. ದೇಶಕ್ಕೂ ಒಂದು ಅಂಥ ದಿನ ಬಂತು.

ಅದಕ್ಕೆ ಮುಂಚೆ 1973. ಹಳೇ ಕಾಯ್ದೆ ಹೋಗಿ ಇನ್ನೂ ಬಿಗಿಯಾದ ‘ಫೆರಾ’ ಬಂತು, 1974ರ ಜನವರಿ 1ರಿಂದ ಜಾರಿ. ವಿದೇಶಿ ಹಣದ ವಿಷಯದಲ್ಲಿ ತಪ್ಪಿದ್ರೆ ಅದು ಅಪರಾಧ, ಜೈಲಿನ ಮಾತು. ಹಳೇ ಸಿನಿಮಾಗಳಲ್ಲಿ ವಿಲನ್ ಅಂದ್ರೆ ಸ್ಮಗ್ಲರ್ ಆಗಿರ್ತಿದ್ದ ಅಲ್ವಾ? ಆ ಕಾಲದ ಗಾಳಿ ಅದು.

1991. ಕೊಲ್ಲಿ ಯುದ್ಧದಿಂದ ಎಣ್ಣೆ ದುಬಾರಿ, ಸಾಲ ಕೊಡೋರು ಹಿಂದೆ ಸರಿದ್ರು, ಅನಿವಾಸಿ ಭಾರತೀಯರು ಇಟ್ಟಿದ್ದ ಠೇವಣಿ ವಾಪಸ್ ತೆಗೆಯೋಕೆ ಶುರು ಮಾಡಿದ್ರು. ಖಜಾನೆಯಲ್ಲಿದ್ದ ವಿದೇಶಿ ಹಣ ಎರಡು ಮೂರು ವಾರದ ಆಮದಿಗಷ್ಟೇ ಸಾಕಾಗೋ ಮಟ್ಟಕ್ಕೆ ಬಂತು. ಮೊದಲು ಸರ್ಕಾರದ ಬಳಿ ಇದ್ದ 20 ಟನ್ ಚಿನ್ನ ಸ್ಟೇಟ್ ಬ್ಯಾಂಕ್ ಮೂಲಕ ಹೊರಗೆ ಹೋಯ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಸುಮಾರು 47 ಟನ್ ಚಿನ್ನ ಅಡವಿಟ್ಟು, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40 ಕೋಟಿ ಡಾಲರ್ ತಂತು. ಅದೇ ತಿಂಗಳು ರೂಪಾಯಿ ಬೆಲೆ ಎರಡು ಸಲ ಇಳಿಸಿದ್ರು.

ನಾವ್ಯಾರೂ ಆಗ ಹುಟ್ಟಿರಲಿಲ್ಲ. ಆದ್ರೆ ಆ ಹೆದರಿಕೆ ನಮ್ಮ ಬ್ಯಾಂಕ್ ಫಾರ್ಮ್‌ಗಳಲ್ಲಿ ಇವತ್ತಿಗೂ ಇದೆ. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೊಂದು ಪ್ರಶ್ನೆ ಯಾಕೆ ಕೇಳ್ತಾರೆ ಅಂತ ಬೇಜಾರಾದಾಗ, ಚಿನ್ನ ಅಡವಿಟ್ಟ ಮನೆಯಲ್ಲಿ ಅಮ್ಮ ಒಂದೊಂದು ರೂಪಾಯಿಗೂ ಲೆಕ್ಕ ಕೇಳೋದನ್ನ ನೆನಪಿಸ್ಕೊಳ್ಳಿ.

2000ದ ಜೂನ್ 1ರಿಂದ ಫೆರಾ ಹೋಗಿ ‘ಫೆಮಾ’ ಬಂತು. ನಿಯಂತ್ರಣದ ಬದಲು ನಿರ್ವಹಣೆ. ತಪ್ಪಿದ್ರೆ ಸಾಮಾನ್ಯವಾಗಿ ಜೈಲಲ್ಲ, ದಂಡ. ಆ ಮೊತ್ತದ ಮೂರು ಪಟ್ಟಿನವರೆಗೂ.

ಇದೇ ಫೆಮಾದ 3ನೇ ಸೆಕ್ಷನ್ ಓದಿದಾಗ ನನಗೆ ಬೆವರು ಬಂತು. ಅದರ ಸಾರ: ಹೊರದೇಶದಲ್ಲಿರೋರ ಪರವಾಗಿ ಇಲ್ಲಿರೋ ಇನ್ಯಾರೋ ನಿಮಗೆ ಹಣ ಕೊಟ್ಟು, ಅದಕ್ಕೆ ಸರಿಸಮನಾಗಿ ಹೊರಗಿಂದ ಹಣ ಒಳಗೆ ಬರದಿದ್ರೆ, ನೀವು ಅಧಿಕೃತ ದಾರಿ ಬಿಟ್ಟು ಹಣ ಪಡೆದ ಹಾಗೆ.

ಬೆಳಗಾವಿ ತಮ್ಮನ ಯುಪಿಐ.

—

ಭಾಗ 5/9
ದೊಡ್ಡವರಿಗೆ ಬಾಗಿಲು ಮೊದಲೇ ಇತ್ತು

ಅಕ್ಕನಿಗೆ ಹೇಳಿದೆ. ಅವಳು ಸುಲಭಕ್ಕೆ ಒಪ್ಪೋಳಲ್ಲ. ‘ಅವ್ರ ತಮ್ಮನ ಕೊಂಡ ಅಂತ ಬಿಲ್ ಮಾಡಿದ್ರ?’

ಒಳ್ಳೇ ಪ್ರಶ್ನೆ. ತಮ್ಮ ನಿಜವಾಗಿ ತಾನೇ ಕೊಂಡು, ಬೆಳಗಾವಿಗೆ ತರಿಸ್ಕೊಂಡು, ಅಕ್ಕನಿಗೆ ಉಡುಗೊರೆ ಕೊಟ್ರೆ ಅದು ಇಲ್ಲಿನ ಮಾರಾಟ, ಯಾರ ತಕರಾರೂ ಇಲ್ಲ. ಆದ್ರೆ ಪಾರ್ಸೆಲ್ ನೇರ ನ್ಯೂಜೆರ್ಸಿಗೆ, ಬಿಲ್ ಮಾತ್ರ ಬೆಳಗಾವಿಗೆ ಅಂದ್ರೆ ಸುಳ್ಳು ಬರೆದಂಗೆ. ‘ಸುಳ್ಳ್ ಬ್ಯಾಡ ಬಿಡು’ ಅಂದ್ಲು.

ಸರಿ, ಹಾಗಾದ್ರೆ ಬ್ಯಾಂಕ್ ದಾರಿ. ನಮ್ಮ ರಾಜ್ಯದಷ್ಟು ಹೊರದೇಶದ ಹಣ ನೋಡಿರೋ ಜಾಗ ಕಮ್ಮಿ. 1981ರಲ್ಲಿ ಪುಣೆಯಲ್ಲಿ ಶುರುವಾದ ಇನ್ಫೋಸಿಸ್‌ನ ಮೊದಲ ಗಿರಾಕಿನೇ ಅಮೆರಿಕದ ಕಂಪನಿ. 1983ಕ್ಕೆ ಅದು ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಲ್ಲಿ ಕೇಂದ್ರ ತೆರೆದು, ಉಪಗ್ರಹದ ಮೂಲಕ ಕೆಲಸ ಕಳಿಸೋಕೆ ಶುರು ಮಾಡ್ತು. ಇವರಿಗೆಲ್ಲ ಹಣ ಬಂದಿದ್ದು ಬ್ಯಾಂಕಿಂದ ಬ್ಯಾಂಕಿಗೆ.

ಅದರ ಹಿಂದೆ ಇರೋದು ಸ್ವಿಫ್ಟ್. 1973ರಲ್ಲಿ 15 ದೇಶಗಳ 239 ಬ್ಯಾಂಕ್ ಸೇರಿ ಕಟ್ಟಿದ್ದು, 1977ರಿಂದ ಚಾಲೂ. ಅದರಲ್ಲಿ ರೊಕ್ಕ ಹೋಗಲ್ಲ, ಸಂದೇಶ ಹೋಗುತ್ತೆ. ‘ನಿಮ್ಮ ಹತ್ರ ಇರೋ ನಮ್ಮ ಖಾತೆಯಿಂದ ಇಷ್ಟು ತೆಗೆದು ಇಂಥವರಿಗೆ ಕೊಡಿ.’ ಬ್ಯಾಂಕ್‌ಗಳು ಒಬ್ಬರ ಹತ್ರ ಒಬ್ಬರು ಖಾತೆ ಇಟ್ಟಿರ್ತಾರೆ. ನಮ್ಮದು ಅವರ ಹತ್ರ ಇದ್ರೆ ನೋಸ್ಟ್ರೋ, ಅವರದ್ದು ನಮ್ಮ ಹತ್ರ ಇದ್ರೆ ವೋಸ್ಟ್ರೋ. ಪರೀಕ್ಷೆಗೆ ಎರಡು ಮಾರ್ಕ್ಸ್ ಪ್ರಶ್ನೆ, ಬರ್ಕೊಳ್ಳಿ. ಬೆನ್ ಯಿಜು ಮತ್ತು ಏಡನ್‌ನವರ ಲೆಡ್ಜರ್ ಇಲ್ಲಿ ಉಕ್ಕಿನ ಬಟ್ಟೆ ಹಾಕ್ಕೊಂಡು ನಿಂತಿದೆ, ಅಷ್ಟೇ ವ್ಯತ್ಯಾಸ.

ಆದ್ರೆ ಈ ಸಂದೇಶಕ್ಕೆ ಬೆಲೆ ಇದೆ. ಕಳಿಸೋ ಬ್ಯಾಂಕಿಗೆ ಒಂದು ಫೀಸು, ಮಧ್ಯದ ಬ್ಯಾಂಕಿಗೆ ಒಂದು, ತಗೊಳ್ಳೋ ಬ್ಯಾಂಕಿಗೆ ಒಂದು, ಮೇಲೆ ವಿನಿಮಯ ದರದಲ್ಲಿ ಒಂಚೂರು. ಇವು ಬಹುಪಾಲು ಸ್ಥಿರ ವೆಚ್ಚ. 90,000 ಡಾಲರ್ ಬಂದಾಗ 40 ಡಾಲರ್ ಫೀಸು ಲೆಕ್ಕಕ್ಕೇ ಇಲ್ಲ. 90 ಡಾಲರ್ ಬಂದಾಗ ಅದೇ 40 ಅಂದ್ರೆ ಹತ್ತಿರ ಹತ್ತಿರ ಅರ್ಧ ದುಪಟ್ಟಾ.

ಬಾಗಿಲು ಇತ್ತು. ಅದು ಲಾರಿ ಹೋಗೋ ಬಾಗಿಲು. ಸೈಕಲ್ ಮೇಲೆ ಹೋಗೋರಿಗೂ ಲಾರಿಯ ಸುಂಕವೇ.

—

ಭಾಗ 6/9
500 ಡಾಲರ್‌ನ ಗೆರೆ

ಸೈಕಲ್‌ನವರಿಗೆ ಬಾಗಿಲು ತೆರೆದದ್ದು ಇಂಟರ್ನೆಟ್.

ಪೇಪಾಲ್ ಹುಟ್ಟಿದ್ದು 1998ರ ಕೊನೆಗೆ, ಅಮೆರಿಕದಲ್ಲಿ. 2002ರಲ್ಲಿ ಇಬೇ ಅದನ್ನ ಕೊಂಡ್ಕೊಳ್ತು. ಇಮೇಲ್ ವಿಳಾಸ ಇದ್ರೆ ಸಾಕು, ರೊಕ್ಕ ಬರ್ತಿತ್ತು. 2000ದ ದಶಕದಲ್ಲಿ ನಮ್ಮಲ್ಲಿ ವೆಬ್‌ಸೈಟ್ ಮಾಡೋರು, ಅನುವಾದ ಮಾಡೋರು, ಆನ್‌ಲೈನ್‌ನಲ್ಲಿ ಕೈಮಗ್ಗದ ಸಾಮಾನು ಮಾರೋರು ಇದನ್ನೇ ನಂಬಿದ್ರು.

2010ರ ಆರಂಭದಲ್ಲಿ ಒಂದಿನ ಅದು ನಿಂತುಹೋಯ್ತು. ಭಾರತಕ್ಕೆ ಬರೋ, ಭಾರತದಿಂದ ಹೋಗೋ ವೈಯಕ್ತಿಕ ಪಾವತಿ ಬಂದ್. ಇಲ್ಲಿನ ಬ್ಯಾಂಕಿಗೆ ಹಣ ತೆಗೆಯೋದೂ ಕೆಲವು ವಾರ ಬಂದ್. ದುಡಿದ ಹಣ ಪರದೆ ಮೇಲೆ ಕಾಣ್ತಿದೆ, ಕೈಗೆ ಸಿಗ್ತಿಲ್ಲ.

ಕಾರಣ ನಿಮಗೆ ಈಗ ಅರ್ಥ ಆಗುತ್ತೆ. ಕಾನೂನಿನ ಕಣ್ಣಲ್ಲಿ ಊರಿಗೆ ಅಪ್ಪ ಅಮ್ಮನಿಗೆ ಕಳಿಸೋ ಹಣ ಬೇರೆ, ರಫ್ತಿಗೆ ಬಂದ ಹಣ ಬೇರೆ. ಎರಡಕ್ಕೂ ಬೇರೆ ಬೇರೆ ನಿಯಮ. ಯಾವ ಹಣ ಯಾತಕ್ಕೆ ಬಂತು ಅನ್ನೋ ಲೆಕ್ಕ ರಿಸರ್ವ್ ಬ್ಯಾಂಕಿಗೆ ಬೇಕು. ಆನ್‌ಲೈನ್ ಪಾವತಿಯಲ್ಲಿ ಎಲ್ಲ ಒಂದೇ ಡಬ್ಬಿಗೆ ಬೀಳ್ತಿತ್ತು.

2010ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಮೊದಲ ಸಲ ಈ ಥರದ ಆನ್‌ಲೈನ್ ದಾರಿಗೆ ಅಂತಲೇ ನಿಯಮ ಬರೀತು. ಒಂದು ವ್ಯವಹಾರಕ್ಕೆ ಮಿತಿ 500 ಡಾಲರ್. 2011ರ ಮಾರ್ಚ್‌ನಿಂದ ಪೇಪಾಲ್ ತನ್ನ ಭಾರತದ ಗ್ರಾಹಕರಿಗೆ ಹೇಳಿದ್ದು: ಬಂದ ಹಣ ಏಳು ದಿನದೊಳಗೆ ಬ್ಯಾಂಕಿಗೆ ಹೋಗಬೇಕು, ಅದೇ ಹಣದಲ್ಲಿ ಹೊರಗಿನ ಸಾಮಾನು ಕೊಳ್ಳೋ ಹಾಗಿಲ್ಲ.

1939ರ ನಿಯಮ ನೆನಪಾಯ್ತಾ? ಗಳಿಸಿದ ಡಾಲರ್ ಕೈಯಲ್ಲಿ ಇಟ್ಕೋಬೇಡ, ಬ್ಯಾಂಕಿಗೆ ಒಪ್ಪಿಸು, ರೂಪಾಯಿ ತಗೋ. 70 ವರ್ಷ ಆದ್ಮೇಲೂ ಅದೇ ದನಿ.

800 ಡಾಲರ್‌ನ ಕೆಲಸ ಮಾಡಿದವರು ಎರಡು ಬಿಲ್ ಮಾಡಬೇಕಾಯ್ತು, ಇಲ್ಲ ಗಿರಾಕಿಗೆ ಬ್ಯಾಂಕ್ ದಾರಿ ಹಿಡಿ ಅನ್ನಬೇಕಾಯ್ತು. ಆದ್ರೆ ಗೆರೆ ನಿಂತಲ್ಲೇ ನಿಲ್ಲಲಿಲ್ಲ. 2011ರ ಅಕ್ಟೋಬರ್‌ಗೆ 3,000 ಡಾಲರ್, 2013ರ ಜೂನ್‌ಗೆ 10,000 ಡಾಲರ್. ಮೂರು ವರ್ಷದೊಳಗೆ 20 ಪಟ್ಟು. ನನಗೆ ಇದರಲ್ಲಿ ಕಾಣೋದು ಇಷ್ಟು: ಮೊದಲು ಹೆದರಿಕೆಯಿಂದ ಗೆರೆ ಹಾಕ್ತಾರೆ, ಏನೂ ಅನಾಹುತ ಆಗದಿದ್ರೆ ಸರಿಸ್ತಾರೆ. ಆ ಮಧ್ಯದ ವರ್ಷಗಳಲ್ಲಿ ಗಿರಾಕಿ ಕಳ್ಕೊಂಡವರ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇರಲ್ಲ.

—

ಭಾಗ 7/9
ಕಂಪನಿಗಳು ಯಾಕೆ ‘ನಿಮ್ಮ ದೇಶ ಇಲ್ಲ’ ಅಂತಾವೆ?

ಇಷ್ಟು ಹೊತ್ತು ಸರ್ಕಾರದ ಬೇಲಿ ನೋಡಿದ್ವಿ. ಇನ್ನೊಂದು ಬೇಲಿ ಆ ಕಡೆಯಿಂದ ಬರುತ್ತೆ.

ಕಾರ್ಡ್ ಪಾವತಿ ಮಾಡಿಸೋ ಕಂಪನಿ ಏನು ಮಾಡುತ್ತೆ? ಗಿರಾಕಿಯ ಕಾರ್ಡ್‌ನಿಂದ ಹಣ ತಗೊಂಡು ಮಾರುವವನಿಗೆ ಕೊಡುತ್ತೆ. ಇಷ್ಟೇ ಅನ್ಸುತ್ತೆ. ಆದ್ರೆ ಅಮೆರಿಕದಲ್ಲಿ 1974ರ ಒಂದು ಕಾಯ್ದೆ ಕ್ರೆಡಿಟ್ ಕಾರ್ಡ್ ಇರೋರಿಗೆ ಬಿಲ್ ಪ್ರಶ್ನಿಸೋ ಹಕ್ಕು ಕೊಡ್ತು. ಮಾಲು ಬರಲಿಲ್ಲ ಅಂದ್ರೆ ‘ನನ್ನ ಹಣ ವಾಪಸ್’ ಅನ್ನಬಹುದು. ಇದಕ್ಕೆ ಚಾರ್ಜ್‌ಬ್ಯಾಕ್ ಅಂತಾರೆ. ಮಾರಿದವನು ಆಗ ನಾಪತ್ತೆ ಆಗಿದ್ರೆ ಆ ಹಣ ಕೊಡಬೇಕಾದ್ದು ಮಧ್ಯದ ಕಂಪನಿ.

ಒಂದು ಲೆಕ್ಕ. 90 ಡಾಲರ್‌ಗೆ ಶೇ 3 ಫೀಸು ಅಂದ್ರೆ 2 ಡಾಲರ್ 70 ಸೆಂಟ್. ಒಬ್ಬ ಮಾರಾಟಗಾರ ಕೈಕೊಟ್ರೆ ಹೋಗೋದು ಪೂರ್ತಿ 90. ಆ ನಷ್ಟ ತುಂಬೋಕೆ ಇನ್ನೂ 33-34 ವ್ಯವಹಾರ ಸರಿಯಾಗಿ ನಡೀಬೇಕು. ಅಂದ್ರೆ ನಿಮಗೆ ಖಾತೆ ಕೊಡೋದು ನಿಮಗೆ ಸಾಲ ಕೊಟ್ಟ ಹಾಗೆ. ಗುರುತು ಸಿಗದ ದೇಶ, ವಸೂಲಿ ಮಾಡೋಕೆ ಆಗದ ಕೋರ್ಟು, ಬಿಗಿಯಾದ ವಿನಿಮಯ ನಿಯಮ, ಇವೆಲ್ಲ ಇದ್ರೆ ಅವರಿಗೆ ಸುಲಭದ ಉತ್ತರ ‘ಬೇಡ’.

ಬೆನ್ ಯಿಜುಗೆ ಕೈಕೊಟ್ಟ ಏಲಕ್ಕಿ ದಲ್ಲಾಳಿ ನೆನಪಿದ್ದಾನಾ? ಇವತ್ತಿಗೂ ಇಡೀ ಸಮಸ್ಯೆ ಅವನದ್ದೇ. ವ್ಯತ್ಯಾಸ ಏನಂದ್ರೆ, ಅವತ್ತು ಒಬ್ಬ ದಲ್ಲಾಳಿಯ ಹೆಸರು ಕೆಡ್ತಿತ್ತು. ಇವತ್ತು ಇಡೀ ದೇಶದ ಹೆಸರಿಗೆ ಗೆರೆ ಎಳೀತಾರೆ.

ನಾವೊಬ್ಬರೇ ಅಲ್ಲ. 2014ರಲ್ಲಿ ಪೇಪಾಲ್ ನೈಜೀರಿಯಾಕ್ಕೆ ಬಂತು, ಆದ್ರೆ ಹಣ ಕಳಿಸೋಕೆ ಮಾತ್ರ, ಪಡೆಯೋಕೆ ಅಲ್ಲ. ಕೊಳ್ಳಬಹುದಿತ್ತು, ಮಾರೋ ಹಾಗಿರಲಿಲ್ಲ! ಅಲ್ಲಿನ ಇಬ್ಬರು ಯುವಕರು, ಶೋಲಾ ಅಕಿನ್‌ಲಾಡೆ ಮತ್ತು ಎಜ್ರಾ ಒಲುಬಿ, ಲಾಗೋಸ್‌ನಲ್ಲಿ ಪೇಸ್ಟ್ಯಾಕ್ ಕಟ್ಟಿದ್ರು. 2020ರಲ್ಲಿ ಸ್ಟ್ರೈಪ್ ಅದನ್ನ 20 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡ್ಕೊಳ್ತು. ಬಾಗಿಲು ಇಲ್ಲದ ಊರಲ್ಲಿ ಅವರೇ ಬಾಗಿಲು ಮಾಡಿದ್ರು.

ನಮ್ಮಲ್ಲಿ? ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿ ಹೊರಗಿನಿಂದ ಬರೋ ಹಣಕ್ಕೆ ಸೀಮಿತ ಆಯ್ತು. ಸ್ಟ್ರೈಪ್ 2024ರಿಂದ ಭಾರತದಲ್ಲಿ ಆಹ್ವಾನ ಇದ್ದವರಿಗೆ ಮಾತ್ರ. ದುಡ್ಡಿದ್ದವರು ಅಮೆರಿಕದಲ್ಲೇ ಕಂಪನಿ ಮಾಡ್ತಾರೆ, ಅದಕ್ಕೆ ಅಂತಲೇ 2016ರಿಂದ ಸ್ಟ್ರೈಪ್ ಅಟ್ಲಾಸ್ ಇದೆ. ಎಸ್ಟೋನಿಯಾ 2014ರಿಂದ ಹೊರಗಿನವರಿಗೆ ಡಿಜಿಟಲ್ ಗುರುತಿನ ಚೀಟಿ ಕೊಡ್ತಿದೆ. ದುಪಟ್ಟಾ ಮಾರೋಳು ಎಸ್ಟೋನಿಯಾಕ್ಕೆ ಹೋಗ್ಬೇಕಾ?

—

ಭಾಗ 8/9
ಅಕ್ಕನ ರೊಕ್ಕ ಬಂದ ದಾರಿ

ಮೊದಲು ಸುಲಭದ್ದು ನೋಡಿದ್ವಿ. 2023ರಿಂದ ಹತ್ತು ದೇಶಗಳಲ್ಲಿರೋ ಅನಿವಾಸಿಗಳು, ಅಮೆರಿಕದವರೂ ಸೇರಿ, ಅಲ್ಲಿನ ಫೋನ್ ನಂಬರ್ ಇಟ್ಕೊಂಡೇ ತಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಯುಪಿಐ ಬಳಸೋಕೆ ಅವಕಾಶ ಬಂತು. ನಮ್ಮ ಗಿರಾಕಿಗೆ ಖಾತೆ ಇತ್ತು. ಆದ್ರೆ ಅದಕ್ಕೆ ಜೋಡಿಸಿದ್ದ ಹಳೇ ಇಂಡಿಯಾ ನಂಬರ್ ಬಂದ್ ಆಗಿ ವರ್ಷಗಳಾಗಿತ್ತು. ಬದಲಾಯಿಸೋಕೆ ಬ್ಯಾಂಕಿಗೆ ಅವರೇ ಬರ್ಬೇಕಂತೆ. ಆ ದಾರಿ ಅಲ್ಲಿಗೆ ಮುಗೀತು.

ಎರಡನೇದು. 2023ರ ಅಕ್ಟೋಬರ್ 31ಕ್ಕೆ ರಿಸರ್ವ್ ಬ್ಯಾಂಕ್ ಗಡಿ ದಾಟೋ ಪಾವತಿ ಮಾಡಿಸೋ ಬ್ಯಾಂಕೇತರ ಕಂಪನಿಗಳನ್ನ ನೇರವಾಗಿ ತನ್ನ ಅನುಮತಿಯ ಕೆಳಗೆ ತಂತು. ಒಂದು ಸಾಮಾನು ಅಥವಾ ಸೇವೆಗೆ 25 ಲಕ್ಷ ರೂಪಾಯಿ ತನಕ. ಹೀಗೆ ಅನುಮತಿ ಪಡೆದ ಇಲ್ಲಿನ ಕಂಪನಿಗಳು ಈಗ ಇವೆ. ರಿಸರ್ವ್ ಬ್ಯಾಂಕ್ ವೆಬ್‌ಸೈಟ್‌ನಲ್ಲಿ ಪಟ್ಟಿ ಇದೆ, ಹೆಸರು ನೋಡ್ಕೊಂಡೇ ಮುಂದೆ ಹೋಗಿ.

ಅಕ್ಕನ ಹತ್ರ ಕೇಳಿದ್ದು: ಪಾನ್, ಬ್ಯಾಂಕ್ ಖಾತೆ, ಗಿರಾಕಿಗೆ ಮಾಡಿದ ಇನ್ವಾಯ್ಸ್, ಪಾರ್ಸೆಲ್ ದಾಖಲೆ. ಸಾಮಾನು ಹೊರಗೆ ಕಳಿಸೋದ್ರಿಂದ ಐಇಸಿ ಅನ್ನೋ ಆಮದು-ರಫ್ತು ಸಂಖ್ಯೆನೂ ಬೇಕಾಯ್ತು. ಅದಕ್ಕೆ ಆನ್‌ಲೈನ್ ಅರ್ಜಿ, 500 ರೂಪಾಯಿ. ಆಮೇಲೆ ಉದ್ದೇಶದ ಕೋಡ್. ಒಳಗೆ ಬರೋ ಪ್ರತಿ ಹಣಕ್ಕೂ ‘ಪಿ’ ಇಂದ ಶುರುವಾಗೋ ಒಂದು ಸಂಖ್ಯೆ ಇರುತ್ತೆ. ರಫ್ತಿನ ಮುಂಗಡಕ್ಕೆ ಪಿ0103, ಸಾಫ್ಟ್‌ವೇರ್ ಸಲಹೆ ಕೆಲಸಕ್ಕೆ ಪಿ0802. ತಪ್ಪು ಕೋಡ್ ಹಾಕಿದ್ರೆ ಹಣ ಮಧ್ಯದಲ್ಲೇ ನಿಲ್ಲುತ್ತೆ. ನಾವು ಮೊದಲ ಸಲ ತಪ್ಪೇ ಹಾಕಿದ್ವಿ. ಅದಕ್ಕೆ ನಾಲ್ಕು ದಿನ ಹೋಯ್ತು.

ಮೆಸೇಜ್ ಬಂದ ದಿನದಿಂದ 23ನೇ ದಿನಕ್ಕೆ ರೊಕ್ಕ ಬಂತು. ಫೀಸು, ಫೀಸಿನ ಮೇಲಿನ ಜಿಎಸ್‌ಟಿ ಕಳೆದು 86 ಡಾಲರ್ ಚಿಲ್ಲರೆ, ರೂಪಾಯಿ ಆಗಿ. ಜೊತೆಗೆ ಹಣ ಹೊರಗಿನಿಂದಲೇ ಬಂತು ಅನ್ನೋ ಪ್ರಮಾಣಪತ್ರ.

ಅಕ್ಕ ಅದನ್ನ ಪ್ರಿಂಟ್ ತೆಗೆಸಿ, ಕಸೂತಿ ದಾರ ಇಡೋ ಡಬ್ಬಿಯಲ್ಲಿ ಇಟ್ಟಿದ್ದಾಳೆ.

ಖುಷಿಯ ಮುಕ್ತಾಯ ಅಂತ ಹೇಳೋಕೆ ಆಗಲ್ಲ. ಆ 23 ದಿನದಲ್ಲಿ ಅದೇ ಗಿರಾಕಿಯ ಗೆಳತಿ ಇನ್ನೊಂದು ದುಪಟ್ಟಾ ಕೇಳಿದ್ರು, ಹಬ್ಬದೊಳಗೆ ಬೇಕು ಅಂದ್ರು. ದುಡ್ಡು ಯಾವಾಗ ಬರುತ್ತೋ ಗೊತ್ತಿಲ್ಲದೆ ಅಕ್ಕ ಹೂಂ ಅನ್ನಲಿಲ್ಲ. ಆ ಆರ್ಡರ್ ಹೋಯ್ತು. ಅದು ಹೋಗಿದ್ದಕ್ಕೆ ಕಾರಣ ನಾನು ಹೇಳಿದ ‘ತಡಿ’ ಅನ್ನೋ ಮಾತೇ. ನನಗೆ ಇವತ್ತಿಗೂ ಅದು ಚುಚ್ಚುತ್ತೆ.

—

ಭಾಗ 9/9
ಬೇಲಿ ಯಾರಿಗೆ?

ಎಲ್ಲಾ ಒಟ್ಟಿಗೆ ಇಟ್ಟು ನೋಡಿದ್ರೆ ಒಂದು ಸಾಲು ಕಾಣುತ್ತೆ. ಪ್ರತಿ ಬೇಲಿಗೂ ಅದರದ್ದೇ ಒಂದು ಹೆದರಿಕೆ ಇದೆ. 1939ಕ್ಕೆ ಯುದ್ಧ. 1973ರಲ್ಲಿ ಕಳ್ಳಸಾಗಣೆ, ಡಾಲರ್ ಬರ. 1991ಕ್ಕೆ ಅಡವಿಟ್ಟ ಚಿನ್ನ. 2010ರಲ್ಲಿ ಯಾತಕ್ಕೆ ಬಂತೋ ಗೊತ್ತಾಗದ ಹಣ. ಆ ಕಡೆಯ ಕಂಪನಿಗಳಿಗೆ ಮೋಸದ ಭಯ. ಯಾವುದೂ ಸುಮ್ಮನೆ ಹುಟ್ಟಿದ್ದಲ್ಲ, ಇದನ್ನ ನಾನು ಓದೋಕೆ ಮುಂಚೆ ಒಪ್ಪುತ್ತಿರಲಿಲ್ಲ.

ಆದ್ರೆ ಇನ್ನೊಂದೂ ಕಾಣುತ್ತೆ. ಬೇಲಿ ಹಾಕುವಾಗ ಎಲ್ಲರಿಗೂ ಒಂದೇ ಸಲ ಹಾಕ್ತಾರೆ. ತೆಗೆಯುವಾಗ ದೊಡ್ಡವರಿಂದ ಶುರು ಮಾಡ್ತಾರೆ. 1980ರ ದಶಕದಲ್ಲೇ ಕಂಪನಿಗಳಿಗೆ ದಾರಿ ಇತ್ತು. ಸಣ್ಣ ಮೊತ್ತಕ್ಕೆ ಅಂತ ಪ್ರತ್ಯೇಕ ನಿಯಮ ಬರೋಕೆ 2010 ಆಗಬೇಕಾಯ್ತು. ಹೊರಗಿರೋ ಭಾರತೀಯರು 2022ರಲ್ಲಿ ಮನೆಗಳಿಗೆ ಕಳಿಸಿದ ಹಣ 10,000 ಕೋಟಿ ಡಾಲರ್ ದಾಟಿತ್ತು, ಜಗತ್ತಲ್ಲೇ ಮೊದಲ ಸ್ಥಾನ. ಅಷ್ಟು ಹಣ ಒಳಗೆ ಬರೋ ದೇಶದಲ್ಲಿ 90 ಡಾಲರ್ 23 ದಿನ ಬಾಗಿಲಲ್ಲಿ ನಿಂತಿತ್ತು.

2023ರ ಫೆಬ್ರವರಿಯಲ್ಲಿ ನಮ್ಮ ಯುಪಿಐಗೂ ಸಿಂಗಾಪುರದ ಪೇನೌಗೂ ಸೇತುವೆ ಆಯ್ತು. ಅಲ್ಲಿಂದ ಇಲ್ಲಿನ ಮನೆಯವರಿಗೆ ಕ್ಷಣದಲ್ಲಿ ಹಣ ಬರುತ್ತೆ. ಅಂದ್ರೆ ತಂತ್ರಜ್ಞಾನದಿಂದ ಆಗದ ಕೆಲಸ ಅಲ್ಲ ಇದು. ಯಾರಿಗಾಗಿ ಮೊದಲು ಮಾಡ್ತೀವಿ ಅನ್ನೋದೇ ಪ್ರಶ್ನೆ.

ಈಗ ನಿಮಗೆ, ಗೆಳೆಯರಿಗೆ ಹೇಳೋ ಹಾಗೆ ಕೆಲವು ಮಾತು.

ನಿಮ್ಮ ಬ್ಯಾಂಕ್ ಖಾತೆ ಯಾರಿಗೂ ‘ಹೊರಗಿನ ಪೇಮೆಂಟ್ ಬರುತ್ತೆ, ನಿನಗೂ ಕಮಿಷನ್ ಕೊಡ್ತೀನಿ’ ಅಂದ್ರೆ ಕೊಡಬೇಡಿ. ಗೆಳೆಯನಾದ್ರೂ ಸರಿ. ಅದು ಯಾರ ಹಣವೋ, ಪೊಲೀಸ್ ಬಂದ್ರೆ ಬರೋದು ನಿಮ್ಮ ಮನೆಗೆ.

ಸುಳ್ಳು ವಿಳಾಸ ಕೊಟ್ಟು ಬೇರೆ ದೇಶದ ಖಾತೆ ತೆರೆಯಬೇಡಿ. ಮೊದಲ ಹತ್ತು ಪಾವತಿ ಬರುತ್ತೆ, ಹನ್ನೊಂದನೇದಕ್ಕೆ ದಾಖಲೆ ಕೇಳಿ ಎಲ್ಲಾ ಹಿಡಿದಿಟ್ರೆ ಯಾರ ಹತ್ರ ದೂರು ಹೇಳ್ತೀರಿ?

ಕೆಲಸ ಒಪ್ಕೊಳ್ಳೋ ಮುಂಚೆಯೇ ಹಣ ಬರೋ ದಾರಿ ಮಾಡ್ಕೊಳ್ಳಿ. ನಾವು ಮಾಡಿದ್ದು ಉಲ್ಟಾ, ಅದಕ್ಕೇ ಒಂದು ಆರ್ಡರ್ ಹೋಯ್ತು. ಇನ್ವಾಯ್ಸ್, ಉದ್ದೇಶದ ಕೋಡ್, ಬ್ಯಾಂಕ್ ಕೊಡೋ ಪ್ರಮಾಣಪತ್ರ, ಮೂರೂ ಜೋಪಾನ ಮಾಡಿ. ನಾನು ಓದ್ತಿರೋ ವಿದ್ಯಾರ್ಥಿ, ಸಿಎ ಅಲ್ಲ. ಮೊತ್ತ ದೊಡ್ಡದಾದ್ರೆ ಗೊತ್ತಿರೋ ಸಿಎ ಒಬ್ಬರನ್ನ ಕೇಳಿ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಹೊಸ ದುಪಟ್ಟಾದ ಮೇಲೆ ಗೋಪುರ ಹಾಕ್ತಾ ಇದ್ಲು. ‘ಇದು ಯಾರಿಗೆ?’ ಅಂದೆ. ‘ಇನ್ನೂ ಯಾರೂ ಕೇಳಿಲ್ಲ. ಬಾಗಲಾ ಅಂತೂ ತಗದೈತಿ ಅಲಾ, ಬರ್ತಾರ’ ಅಂದ್ಲು. ಸೂಜಿ ಕೆಳಗೆ ಇಡಲೇ ಇಲ್ಲ.

ನಿಮ್ಮಲ್ಲಿ ಯಾರಿಗಾದ್ರೂ ಹೊರಗಿಂದ ಬರಬೇಕಾದ ಹಣ ಹೀಗೆ ನಿಂತಿತ್ತಾ? ಎಷ್ಟು ದಿನ? ಕಾಮೆಂಟಲ್ಲಿ ಬರೀರಿ, ಆದ್ರೆ ಖಾತೆ ನಂಬರ್ ಮಾತ್ರ ಹಾಕ್ಬೇಡಿ.

#ರೊಕ್ಕದಕಥೆ #ಕನ್ನಡದಲ್ಲಿಕಾಮರ್ಸ್ #ಕಸೂತಿ #ಬಿಕಾಂಕನ್ನಡ